ಮಾಮಿಯ ತಾರಸಿಯ ಗಾಳಿ

ಓಝೋನ್ ಎಂದ ಕೂಡಲೇ ಜನ ತಲೆಯೆತ್ತಿ ಆಕಾಶ ನೋಡುತ್ತಾರೆ. ಮೇಲಿನ ತೂತು ಮುಚ್ಚಿತೇ ಎಂದು ಕೇಳುತ್ತಾರೆ. ನಾನು ಅಳೆಯುವುದು ಮೂಗಿನ ಮಟ್ಟದಲ್ಲಿರುವ ಓಝೋನನ್ನು, ಎದೆಗೆ ಇಳಿದರೆ ಉರಿ ಎಬ್ಬಿಸುವುದನ್ನು ಎಂದು ವಿವರಿಸಲು ಹೊರಟರೆ, ಮದುವೆ ಊಟದಲ್ಲಿ ಪಕ್ಕದಲ್ಲಿ ಕುಳಿತವರು ನಯವಾಗಿ ಸಾರಿನ ಕಡೆ ತಿರುಗುತ್ತಾರೆ. ಈ ಬಗ್ಗೆ ನನಗೆ ಬರುವ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಮನಸ್ಸಿಟ್ಟು ಕೇಳಿಸಿಕೊಂಡವರು ಒಬ್ಬರೇ, ಶಿರ್ವದ ನನ್ನ ಮಾಮಿ. ಹಾಗೆ ಕೇಳಿಸಿಕೊಂಡದ್ದೇ ಅವರಿಗೆ ಮುಳುವಾಯಿತು.

ಮಾಮಿ ನನ್ನ ತಂದೆಯ ತಂಗಿ. ಅಂಗಳದ ತುಂಬ ಮಲ್ಲಿಗೆ ಗಿಡ ನೆಟ್ಟಿದ್ದರು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮಾರಲು ಕಳುಹಿಸಿದ ಮೇಲೆಯೇ ಅವರ ಚಹಾ. ಎದೆಯಲ್ಲಿ ಹಳೆಯ ದಮ್ಮು ಇತ್ತು. ಮೆಟ್ಟಿಲು ಹತ್ತಿದರೆ ಮೂರು ಮಾತು ಒಟ್ಟಿಗೆ ಆಡಲು ಆಗುತ್ತಿರಲಿಲ್ಲ. ಮಾಮ ಕಾರ್ಕಳದ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಸ್ಸು ಬಿಟ್ಟ ಮೇಲೂ ಅವರ ದನಿ ಮಾತ್ರ ಬಸ್ಸಿನೊಳಗೇ ಉಳಿದಿತ್ತು.

ನನ್ನ ಕೆಲಸ ಮಣಿಪಾಲದಲ್ಲಿ, ಬಾಡಿಗೆ ಮನೆ ಪರ್ಕಳದಲ್ಲಿ. ಹಗಲು ಸಮುದ್ರದ ಗಾಳಿ ಕಾಪುವಿನ ಹೆದ್ದಾರಿಯ ಹೊಗೆಯನ್ನು ಎತ್ತಿಕೊಂಡು ಒಳನಾಡಿಗೆ ನಡೆಯುತ್ತದೆ. ದಾರಿಯುದ್ದಕ್ಕೂ ಬಿಸಿಲು ಆ ಹೊಗೆಯನ್ನು ಓಝೋನ್ ಆಗಿ ಮಾರ್ಪಡಿಸುತ್ತದೆ. ಹಾಗಾಗಿ ಉಡುಪಿಯ ಬಸ್ ನಿಲ್ದಾಣಕ್ಕಿಂತ ಕಾರ್ಕಳದ ಹಸಿರಿನ ನಡುವೆ ಮಧ್ಯಾಹ್ನದ ಓಝೋನ್ ಹೆಚ್ಚಿರುವುದುಂಟು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಂಬಿಸಲು ಕಾಪುವಿನಲ್ಲೊಂದು, ಕಾರ್ಕಳದಲ್ಲೊಂದು ಓಝೋನನ್ನೂ ಹೊಗೆಯನ್ನೂ ಅಳೆಯುವ ಯಂತ್ರ ಇಟ್ಟಿದ್ದೆ. ನಡುವೆ ಇನ್ನೊಂದು ಬೇಕಿತ್ತು. ದಾರಿಯಲ್ಲಿ ಮನೆಮನೆಯ ಹೊಗೆ ಎಷ್ಟು ಸೇರಿಕೊಳ್ಳುತ್ತದೆ ಎಂಬುದನ್ನು ತಿಳಿಯುವುದೇ ನನ್ನ ಉದ್ದೇಶ. ಅದಕ್ಕೆ ಮಾಮಿಯ ತಾರಸಿಗಿಂತ ಒಳ್ಳೆಯ ಜಾಗ ಇರಲಿಲ್ಲ, ಏಕೆಂದರೆ ಮಾಮಿಯ ಅಂಗಳದಲ್ಲಿ ಸುಡುಮಣ್ಣು ಇತ್ತು.

ತರಗೆಲೆ, ಕಳೆ, ತೆಂಗಿನ ಸಿಪ್ಪೆಗಳನ್ನು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಉರಿ ಏಳದಂತೆ ಒಳಗೊಳಗೇ ಹೊಗೆಯಾಡಲು ಬಿಡುವುದು ನಮ್ಮ ಕಡೆಯ ರೂಢಿ. ಸುಟ್ಟ ಆ ಮಣ್ಣು ಮಲ್ಲಿಗೆಗೆ ಒಳ್ಳೆಯ ಗೊಬ್ಬರ. ಈಗೀಗ ಆ ರಾಶಿಗೆ ಹಾಲಿನ ಪ್ಯಾಕೆಟು, ಚಿಪ್ಸಿನ ಪೊಟ್ಟಣಗಳೂ ಬೀಳುತ್ತವೆ. ಆ ಹೊಗೆ ನನ್ನ ಅಂಕೆಗಳಲ್ಲಿ ಬರಬೇಕಿತ್ತು.

ಯಂತ್ರ ಕೂರಿಸಿದ ದಿನ ಮಾಮಿ ಏದುಸಿರು ಬಿಡುತ್ತಾ ತಾರಸಿಗೆ ಬಂದರು. ಇದೆಂತ ಮಾಡುತ್ತದೆ ಎಂದು ಕೇಳಿದರು. ನಮ್ಮ ಮನೆಯ ಮಾತು ತುಳು. ಆ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ನಮ್ಮ ಹಾಗೆಯೇ ಉಸಿರು ತೆಗೆದುಕೊಳ್ಳುತ್ತದೆ ಮಾಮಿ, ಹಗಲೂ ರಾತ್ರಿಯೂ," ಎಂದೆ.

ಮಾಮಿ ಕೊಳವೆಯ ಬಾಯಿಯ ಬಳಿ ಕೈಯೊಡ್ಡಿ ನೋಡಿದರು. ಒಳಗಿನ ಪಂಪು ಸಣ್ಣಗೆ ಗುಂಯ್ಗುಡುತ್ತಿತ್ತು. ಮುಂದಿನ ಸಲ ಹೋದಾಗ ಪೆಟ್ಟಿಗೆಗೆ ಬಿಸಿಲು ಬೀಳದಂತೆ ಹಳೆಯ ಸೀರೆಯ ಚಪ್ಪರ ಕಟ್ಟಿತ್ತು, ಸುತ್ತ ಗುಡಿಸಿತ್ತು. ಈ ಡಬ್ಬಿಗೆ ಮನೆ ಅಳಿಯನಿಗಿಂತ ಹೆಚ್ಚು ಮರ್ಯಾದೆ ಎಂದು ಮಾಮ ತಮಾಷೆ ಮಾಡಿದರು. ನಾನೂ ನಕ್ಕೆ.

ಮೊದಮೊದಲು ಸಂಜೆಯಾದೊಡನೆ ಯಂತ್ರದ ನಕ್ಷೆಯಲ್ಲಿ ಹೊಗೆಯ ಗೆರೆ ಮೇಲೇರುತ್ತಿತ್ತು. ಚಳಿ ಶುರುವಾದಂತೆ ಆ ಏರಿಕೆ ಮಾಯವಾಯಿತು. ಯಂತ್ರ ಕೆಟ್ಟಿತೇ ಎಂದು ಹೋಗಿ ಪರೀಕ್ಷಿಸಿದೆ, ಕೆಟ್ಟಿರಲಿಲ್ಲ. ಸುಡುಮಣ್ಣು ನಿಲ್ಲಿಸಿದಿರಾ ಎಂದು ಮಾಮಿಯನ್ನು ಕೇಳಿದರೆ, ಅಂಗಳದಲ್ಲಿ ಈಗ ಮಾಡುವುದಿಲ್ಲ ಎಂದರು. ನನಗೆ ಒಳಗೊಳಗೇ ಹಿಗ್ಗು. ಹೇಳದೆಯೇ ಒಂದು ಮನೆಯಾದರೂ ಬದಲಾಯಿತಲ್ಲ. ಉಡುಪಿಯ ಬನ್ನಂಜೆಯಲ್ಲಿ ನಡೆದ ಒಂದು ಸಭೆಯಲ್ಲಿ ಹೆಸರು ಹೇಳದೆ ಮಾಮಿಯ ಉದಾಹರಣೆ ಕೊಟ್ಟೆ. ಚಪ್ಪಾಳೆಯೂ ಬಿತ್ತು.

ಬಿಸಿಲು ಬಲಿಯುವ ಹೊತ್ತಿಗೆ ಮಾಮಿಯ ಕೆಮ್ಮು ನಿಲ್ಲದಾಯಿತು. ಉಗುರು ನೀಲಿಯಾದ ದಿನ ಮಣಿಪಾಲದ ಆಸ್ಪತ್ರೆಗೆ ಕರೆತಂದೆವು. ಶ್ವಾಸಕೋಶ ಹಿಂದೆಯೇ ಸೋತಿತ್ತು, ಈಗ ಇನ್ನಷ್ಟು ಬಿದ್ದುಹೋಗಿದೆ ಎಂದರು ವೈದ್ಯರು. ಮನೆಯಲ್ಲಿ ಮುಚ್ಚಿದ ಜಾಗದಲ್ಲಿ ಹೊಗೆ ಕುಡಿಯುವಂಥ ಕೆಲಸ ಏನಾದರೂ ಇದೆಯೇ ಎಂದು ಕೇಳಿದರು. ನಾನು ಬಾಯಿ ಹಾಕಿದೆ. ಆ ಮನೆಯ ಗಾಳಿಯನ್ನು ನಾನೇ ಅಳೆಯುತ್ತಿದ್ದೇನೆ, ನನ್ನ ಮೂರು ಜಾಗಗಳಲ್ಲಿ ಅದೇ ಎಲ್ಲಕ್ಕಿಂತ ಶುದ್ಧ, ಅಡುಗೆಯೂ ಗ್ಯಾಸಿನಲ್ಲಿ ಎಂದೆಲ್ಲ ಹೇಳಿದೆ. ವೈದ್ಯರು ಬರೆದುಕೊಂಡು ಹೋದರು.

ವೈದ್ಯರು ಹೋದ ಮೇಲೆ ಮಾಮ ನನ್ನ ತೋಳು ಹಿಡಿದು ಕಿಟಕಿಯ ಬಳಿ ಕರೆದೊಯ್ದರು. ಸುಡುಮಣ್ಣು ನಿಂತಿರಲಿಲ್ಲ. ದನ ಮಾರಿದ ಮೇಲೆ ಖಾಲಿ ಬಿದ್ದಿದ್ದ ಹಿಂದಿನ ಹಟ್ಟಿಯೊಳಗೆ ಮಾಮಿ ರಾಶಿ ಹಾಕುತ್ತಿದ್ದರಂತೆ. ಹೊಗೆ ಹೊರಗೆ ಹೋಗಬಾರದೆಂದು ಬಾಗಿಲಿಗೂ ಕಿಂಡಿಗಳಿಗೂ ಗೋಣಿ ತುರುಕಿ, ಉರಿ ಏಳದಂತೆ ಒಳಗೇ ಕುಳಿತು ಕೆದಕುತ್ತಿದ್ದರಂತೆ. ಕತ್ತಲಾಗುವ ಮುಂಚೆ ನೀರು ಹಾಕಿ ನಂದಿಸಿ ಬರುತ್ತಿದ್ದರಂತೆ.

"ನಾನು ಬೈದೆ ಮಾರಾಯ್ತಿ. ಅವಳು ಕೇಳಬೇಕಲ್ವಾ?" ಎಂದರು ಮಾಮ. "ತಾರಸಿಯ ಡಬ್ಬಿ ಉಸಿರಾಡುವಂಥದ್ದು, ಮನೆಗೆ ಬಂದದ್ದರ ಮುಖಕ್ಕೆ ಹೊಗೆ ಹಾಕುವುದು ಹೇಗೆ ಅಂತ ನನಗೇ ಕೇಳಿದಳು. ನನಗೆ ಹೊಗೆ ಅಭ್ಯಾಸ ಉಂಟು, ಅದಕ್ಕೆ ಇಲ್ಲ ಅಂದಳು."

ನನಗೆ ಮಾಮಿಯ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟೂ ತಿಳಿಯದೇ ಎಂದು ಹೋಗಿ ಕೂಗಾಡಬೇಕೆನಿಸಿತು. ಒಳಗೆ ಹೋದರೆ ಅವರು ಮಾಸ್ಕಿನ ಒಳಗಿಂದ ನನ್ನನ್ನು ನೋಡಿ, ಊಟ ಆಯಿತೇ ಎಂದು ಕೈಸನ್ನೆಯಲ್ಲಿ ಕೇಳಿದರು. ಆಯಿತು ಎಂದೆ. ಆಗಿರಲಿಲ್ಲ. ವೈದ್ಯರನ್ನು ಹುಡುಕಿಕೊಂಡು ಹೋಗಿ, ನಾನು ಹೇಳಿದ್ದು ತಪ್ಪು ಎಂದು ಹಟ್ಟಿಯ ವಿಷಯ ಹೇಳಿದೆ. ಇನ್ನು ಅದರಿಂದ ಹೆಚ್ಚಿನ ವ್ಯತ್ಯಾಸ ಆಗಲಿಕ್ಕಿಲ್ಲ ಎಂದರು.

ಮನೆಗೆ ಕಳುಹಿಸುವಾಗ ಆಕ್ಸಿಜನ್ ಯಂತ್ರವನ್ನೂ ಕೊಟ್ಟರು. ಅದು ಮಂಚದ ಪಕ್ಕದಲ್ಲಿ ಗುಂಯ್ಗುಡುತ್ತಾ ಇತ್ತು, ತಾರಸಿಯ ಮೇಲೆ ನನ್ನದೂ ಗುಂಯ್ಗುಡುತ್ತಾ ಇತ್ತು. ಎರಡೂ ಒಂದೇ ಮನೆಯ ಕರೆಂಟಿನಲ್ಲಿ ನಡೆಯುವುದನ್ನು ನೋಡುತ್ತಿರಲು ನನ್ನಿಂದಾಗಲಿಲ್ಲ. ಒಂದು ಮಧ್ಯಾಹ್ನ ಹೋಗಿ ಸೀರೆಯ ಚಪ್ಪರ ಬಿಚ್ಚಿ, ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಕೊಳವೆಯ ಬಾಯಿಂದ ತೆಗೆದ ಫಿಲ್ಟರು ಅಂಗೈಯಲ್ಲಿತ್ತು. ಕಾಪುವಿನದ್ದು ಆ ಹೊತ್ತಿಗೆ ಕಪ್ಪಾಗಿತ್ತು. ಇದು ಹೆಚ್ಚುಕಡಿಮೆ ಬಿಳಿ.

ಮಾಮಿ ಕಣ್ಣು ಬಿಟ್ಟು ಪೆಟ್ಟಿಗೆಯನ್ನು ನೋಡಿದರು. ಕೈಯಾಡಿಸಿ ಹತ್ತಿರ ಕರೆದರು.

"ಅದಕ್ಕೆ ಎಂತ ತೊಂದರೆ ಆಗಲಿಲ್ಲ ಅಲ್ವಾ ಮಗಾ?"

ಹೇಳಬೇಕೆಂದುಕೊಂಡು ಬಂದಿದ್ದ ಮಾತು ಬೇರೆ ಇತ್ತು. ಅದು ಬರೀ ಪೆಟ್ಟಿಗೆ ಮಾಮಿ, ನನಗೆ ಬೇಕಾಗಿದ್ದದ್ದು ನಿಮ್ಮ ಅಂಗಳದ ಹೊಗೆ ಎಂಬ ಮಾತು. ಫಿಲ್ಟರನ್ನು ಅವರ ಬೆರಳಿಗೆ ತಾಗಿಸಿದೆ.

"ಇಲ್ಲ ಮಾಮಿ. ನೋಡಿ, ಬಿಳಿ ಉಂಟು."

ಅವರ ಮುಖ ಅರಳಿತು. ಮೂಗಿನ ಕೊಳವೆ ಜಾರಿದ್ದನ್ನು ಮಾಮ ಸರಿಮಾಡಿದರು.

ಮಳೆಗಾಲಕ್ಕೆ ಮುಂಚೆಯೇ ಮಾಮಿ ತೀರಿಕೊಂಡರು. ಶಿರ್ವದ ಆ ಅಂಕೆಗಳಲ್ಲಿ ತಪ್ಪೇನಿತ್ತು, ಏಕೆ ಕೈಬಿಟ್ಟಿರಿ ಎಂದು ಜೊತೆಯಲ್ಲಿ ಕೆಲಸ ಮಾಡುವವರು ಈಗಲೂ ಕೇಳುತ್ತಾರೆ. ತಪ್ಪೇನೂ ಇರಲಿಲ್ಲ. ತಾರಸಿಯ ಗಾಳಿ ನಿಜವಾಗಿ ಅಷ್ಟೇ ಶುದ್ಧವಿತ್ತು. ಅದನ್ನು ಉಸಿರಾಡಿದ್ದು ಯಂತ್ರ ಮಾತ್ರ.