ಯಜಮಾನರ ಅಕ್ಷರ

ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ನಾಟಕಶಾಲೆಯೊಂದರಲ್ಲಿ ಲೂಷಿಯನ್ ಏವರೆಲ್ ರಾಜನ ಪಾರ್ಟೂ ಮಾಡುತ್ತಿದ್ದರು, ಕಂಪನಿಯ ಯಜಮಾನಿಕೆಯನ್ನೂ ಮಾಡುತ್ತಿದ್ದರು. ಮಾಡದೇ ಇದ್ದದ್ದು ಒಂದೇ, ಕಾಗದ ಬರೆಯುವುದು. ಅದು ಹತ್ತೊಂಬತ್ತು ವರ್ಷದಿಂದ ಡಾರ್ಕಸ್ ವಿಬ್ಲಿಯ ಕೆಲಸ.

ರಂಗದ ಮೇಲಿನ ಪುಟ್ಟ ಕೋಣೆಯಲ್ಲಿ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೂತಳೆಂದರೆ ಅರವತ್ತು ಕಾಗದಕ್ಕೆ ಉತ್ತರ ಬರೆದೇ ಏಳುವವಳು. ಯಜಮಾನರದೇ ಅಕ್ಷರ, ಯಜಮಾನರದೇ ಸಹಿ, ಅದರ ಕೆಳಗೆ ಕುದುರೆ ಬಾಲದ ಹಾಗೆ ಬೀಸಿದ ಗೆರೆ. ಅಸಲು ಸಂಗತಿ ಏನಪ್ಪಾ ಅಂದರೆ, ಆ ಅಕ್ಷರ, ಆ ಗೆರೆ ಎರಡೂ ಡಾರ್ಕಸ್ ಹುಟ್ಟಿಸಿದ್ದು. ಯಜಮಾನರ ನಿಜವಾದ ಅಕ್ಷರವನ್ನು ಕಂಡವರೇ ಇರಲಿಲ್ಲ.

ಬಿಷಪ್ಪರೊಬ್ಬರಿಗೆ ನಾಟಕ ನೋಡಬೇಕು, ಆದರೆ ನೋಡುವುದನ್ನು ಯಾರೂ ನೋಡಬಾರದು. ಅವರಿಗೆ ಕಂಬದ ಹಿಂದಿನ ಸೀಟು. ತಾವೇ ಬರೆದ ಐದಂಕದ ದುರಂತ ನಾಟಕ ಕಳಿಸಿದ ನ್ಯಾಯಾಧೀಶರಿಗೆ ನೋವಾಗದಂಥ ‘ಇಲ್ಲ’. ಫೆಸೆಂಟ್ ಹಕ್ಕಿ ಕಳಿಸಿದ ಡಚೆಸ್ಸಿಗೆ ಎರಡು ಪುಟ ಕೃತಜ್ಞತೆ. ಹಕ್ಕಿ ತಿಂದವಳೂ ಡಾರ್ಕಸ್ಸೇ, ಯಜಮಾನರ ಹೊಟ್ಟೆಗೆ ಅದು ಆಗಿಬರುತ್ತಿರಲಿಲ್ಲ.

ಏವರೆಲ್ ಹಾಗೆ ಕಾಗದ ಬರೆಯುವವರು ಲಂಡನ್ನಿನಲ್ಲೇ ಇಲ್ಲ ಎಂದು ದೊಡ್ಡವರ ಮನೆಗಳಲ್ಲಿ ಮಾತು. ಅದು ಕಿವಿಗೆ ಬಿದ್ದಾಗಲೆಲ್ಲ ಡಾರ್ಕಸ್ ಒಳಗೊಳಗೇ ಹಿಗ್ಗುತ್ತಿದ್ದಳು. ಕಂಪನಿಯವರಿಗೆ ಮಾತ್ರ ಅವಳು ಸೀಟು ಹಂಚುವ ಹೆಂಗಸು. ಕೆಲಸಕ್ಕೆ ಸೇರಿದ ದಿನವೇ ಯಜಮಾನರು ಕಡ್ಡಿ ಮುರಿದ ಹಾಗೆ ಹೇಳಿದ್ದರು: “ಇದು ಹೊರಗೆ ಬಿದ್ದ ದಿನ ನಿಮ್ಮ ಕೆಲಸವೂ ಹೋಯ್ತು ಅನ್ಕೊಳ್ಳಿ.”

ಈ ಕಂಪನಿಯಲ್ಲಿ ಹನ್ನೆರಡು ವರ್ಷ ಜನರನ್ನು ನಗಿಸಿದವನು ಬಾರ್ನಬಿ ಟಪ್ಪರ್. ಯಜಮಾನರಿಗೆ ಜೀವದ ಗೆಳೆಯ. ಆರು ವರ್ಷದ ಹಿಂದೆ, ಹೊಸ ನಾಟಕದ ಕೊನೆಗೆ, ಜನ ಎದ್ದು ನಿಂತು “ಟಪ್ಪರ್! ಟಪ್ಪರ್!” ಎಂದು ಕೂಗಿದರು. ಅವನು ಮುಂದೆ ಬಂದು ತಲೆ ಬಾಗಿಸುವ ಮೊದಲೇ ಯಜಮಾನರು ಪರದೆ ಇಳಿಸಿಬಿಟ್ಟರು. ನಟನಿಗೆ ಅದಕ್ಕಿಂತ ದೊಡ್ಡ ಕಪಾಳಮೋಕ್ಷ ಇನ್ನೇನಿದೆ! ಟಪ್ಪರ್ ಟೋಪಿ ಎತ್ತಿಕೊಂಡು ಹೋದವನು ತಿರುಗಿ ನೋಡಲಿಲ್ಲ.

ಈಗ ಅವನು ಮಗಳ ಮನೆಗೆಂದು ಮೆಲ್ಬೋರ್ನಿಗೆ ಹೊರಟಿದ್ದ. ಗುರುವಾರ ಹಡಗು. ಹೋದರೆ ಇನ್ನು ಈ ಜನ್ಮದಲ್ಲಿ ಮುಖ ನೋಡುವುದಿಲ್ಲ.

ಬುಧವಾರ ಬೆಳಿಗ್ಗೆ ಯಜಮಾನರು ಮುಖ ಸಣ್ಣಗೆ ಮಾಡಿಕೊಂಡು ಬಂದು ಮೇಜಿನ ಮೇಲೆ ಎರಡು ಹಾಳೆ ಇಟ್ಟರು. ಒಂದರಲ್ಲಿ ಕೋಳಿ ಕೆದರಿದಂಥ ಅಕ್ಷರ.

“ಇದ್ಯಾರು ಬರೆದದ್ದು?”

“ನಾನೇ ಕಣ್ರೀ. ಟಪ್ಪರ್‌ಗೆ. ನಿಮ್ಮ ಹತ್ರ ಹೇಳಿ ಬರೆಸೋಕೆ ನಾಚಿಕೆ ಆಯ್ತು. ಪಾಪಿ, ವಾಪಸ್ ಕಳಿಸಿದ್ದಾನೆ ನೋಡಿ.”

ಇನ್ನೊಂದು ಹಾಳೆ ಟಪ್ಪರನದು. “ಕ್ಷಮೆ ಕೇಳೋಕೂ ಗುಮಾಸ್ತನ್ನ ಇಟ್ಕೊಂಡಿದ್ದೀಯಾ? ನಿನ್ನ ಅಕ್ಷರ ನನಗೆ ಗೊತ್ತಿಲ್ವಾ? ಮೊದಲ ಸಾಲಿಗೇ ಮಡಿಸಿಟ್ಟೆ.”

“ಇದನ್ನೇ ನಿಮ್ಮ ಅಕ್ಷರದಲ್ಲಿ ಇಳಿಸಿಬಿಡಿ,” ಎಂದರು ಯಜಮಾನರು. “ಆಗ ನಂಬ್ತಾನೆ.”

ಡಾರ್ಕಸ್‌ಗೆ ಅದು ಐದು ನಿಮಿಷದ ಕೆಲಸ. ಲೇಖನಿ ಅದ್ದಿದಳು, ‘ಪ್ರೀತಿಯ ಬಾರ್ನಬಿ’ ಎಂದು ಬರೆದಳು. ಮುಂದಿನ ಸಾಲು ಓದಿದಳು: ‘ಅವರು ಕೂಗಿದ್ದು ನಿನ್ನ ಹೆಸರನ್ನ. ನನಗೆ ಹೊಟ್ಟೆ ಉರೀತು ಕಣೋ.’ ಕೈ ನಿಂತಿತು. ಬಿಷಪ್ಪರಿಗೆ ಏನು ಬೇಕಾದರೂ ಬರೆದಾಳು. ಆದರೆ ಯಜಮಾನರು ಜೀವಮಾನದಲ್ಲಿ ತಾವೇ ಬರೆದ ಒಂದೇ ಒಂದು ಕಾಗದವನ್ನೂ ಕಿತ್ತುಕೊಳ್ಳುವುದೆಂದರೆ ಅವಳಿಗೆ ಹೇಸಿಗೆಯೆನಿಸಿತು.

“ಇದೊಂದು ಆಗಲ್ಲ, ಯಜಮಾನ್ರೇ. ನಾನೇ ಹೋಗಿ ಅವರಿಗೆ ನಿಜ ಹೇಳ್ತೀನಿ.”

“ಊರೆಲ್ಲ ನಗುತ್ತೆ! ಆಮೇಲೆ ನಿಮಗೆ ಇಲ್ಲಿ ಜಾಗ ಇರಲ್ಲ, ನೆನಪಿರಲಿ.”

“ನೆನಪಿದೆ,” ಎಂದು ಡಾರ್ಕಸ್ ಯಜಮಾನರ ಕಾಗದವನ್ನು ಚೀಲಕ್ಕೆ ಹಾಕಿಕೊಂಡು, ಟೋಪಿಗೆ ಪಿನ್ನು ಚುಚ್ಚಿಕೊಂಡಳು.

ಕೆನಿಂಗ್ಟನ್ನಿನ ಮನೆಯಲ್ಲಿ ಟಪ್ಪರ್ ಪೆಟ್ಟಿಗೆಗಳ ನಡುವೆ ಕೂತು ಮಫಿನ್ ತಿನ್ನುತ್ತಿದ್ದ. “ಓಹೋ, ಸೀಟಮ್ಮ! ಹಡಗಿನಲ್ಲೂ ಕಂಬದ ಹಿಂದೆ ಕೂರಿಸ್ತೀರೇನು?”

ಡಾರ್ಕಸ್ ನಗಲಿಲ್ಲ. ಹಾಳೆ ಕೇಳಿ ಇಸಕೊಂಡು, ಅವನ ಕಣ್ಣೆದುರೇ ಏವರೆಲ್ ಸಹಿ ಹಾಕಿ, ಬಾಲ ಬೀಸಿದಳು. ಟಪ್ಪರನ ಕೈಯಲ್ಲಿದ್ದ ಮಫಿನ್ ತಟ್ಟೆಗೆ ಬಿತ್ತು.

“ನೀವು ವಾಪಸ್ ಕಳಿಸಿದ್ದು ಯಜಮಾನರ ಅಕ್ಷರ. ಇಷ್ಟು ವರ್ಷ ನೋಡಿದ್ದು ನನ್ನದು.”

ಅವನು ಕೋಟಿನ ಒಳಜೇಬಿನಿಂದ ಮಡಿಕೆ ಸವೆದ ಒಂದು ಕಾಗದ ತೆಗೆದ. ಎಂಟು ವರ್ಷದ ಹಿಂದೆ ಅವನ ಹೆಂಡತಿ ತೀರಿಕೊಂಡಾಗ ಬಂದದ್ದು. “ಇದೂ ನೀವೇನಾ?”

“ಯಜಮಾನರು ಅವತ್ತು ಅಳ್ತಾ ಕೂತಿದ್ರು. ‘ಏನಾದ್ರೂ ಬರೀರಿ’ ಅಂದ್ರು. ಅಳು ಅವರದು, ಮಾತು ನನ್ನದು.”

ಟಪ್ಪರ್ ಅದನ್ನು ಮಡಿಸಿ ಮತ್ತೆ ಜೇಬಿಗೇ ಇಟ್ಟುಕೊಂಡ. ಆಮೇಲೆ ಕೋಳಿ ಕೆದರಿದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ತಡವರಿಸುತ್ತಾ ಪೂರ್ತಿ ಓದಿದ. ಕಣ್ಣೊರೆಸಿಕೊಂಡು ನಕ್ಕ. “ಹೊಟ್ಟೆ ಉರೀತಂತೆ! ಮುಟ್ಠಾಳ, ಇಷ್ಟು ಹೇಳೋಕೆ ಆರು ವರ್ಷ ಬೇಕಾಯ್ತಾ? ನಡೀರಿ, ಹೋಗೋಣ.”

ಅವತ್ತು ಡಾರ್ಕಸ್ ತನ್ನ ಕೋಣೆಯಲ್ಲಿ ಗಂಟುಮೂಟೆ ಕಟ್ಟುತ್ತಿದ್ದಾಗ ಕೆಳಗಿನ ರಂಗದಿಂದ ಮೊದಲು ಬೈಗುಳ ಕೇಳಿಸಿತು, ಆಮೇಲೆ ನಗು. ಸ್ವಲ್ಪ ಹೊತ್ತಿಗೆ ಯಜಮಾನರು ಮೆಟ್ಟಿಲು ಹತ್ತಿ ಬಂದು, ಕಟ್ಟಿದ ಗಂಟನ್ನು ನೋಡಿ, “ಏನ್ರೀ ಇದು? ನಾಳೆಯ ಕಾಗದಕ್ಕೆ ಯಾರು ಉತ್ತರ ಬರೀತಾರೆ, ನಾನಾ?” ಎಂದರು. ಅವಳು ಗಂಟು ಬಿಚ್ಚಿದಳು.

ಶುಕ್ರವಾರದ ಟಪಾಲಿನಲ್ಲಿ ಬಂದರಿನ ಮುದ್ರೆ ಬಿದ್ದ ಒಂದು ಲಕೋಟೆ ಇತ್ತು. ಮೇಲೆ ‘ಮಿಸ್ ಡಾರ್ಕಸ್ ವಿಬ್ಲಿ’ ಎಂದಿತ್ತು. ಆ ಕೋಣೆಗೆ ಅವಳ ಹೆಸರಿಗೆ ಬಂದ ಮೊದಲನೆಯ ಕಾಗದ. ಒಳಗೆ ಎರಡೇ ಸಾಲು: ‘ಹೆಂಡತಿ ಹೋದಾಗ ನನ್ನನ್ನು ಎತ್ತಿ ನಿಲ್ಲಿಸಿದವರಿಗೆ. ವಂದನೆ ಹೇಳುವುದು ಎಂಟು ವರ್ಷ ತಡವಾಯಿತು.’

ಅವಳು ಉಳಿದದ್ದನ್ನೆಲ್ಲ ಬದಿಗೆ ಸರಿಸಿ ಉತ್ತರ ಬರೆಯಲು ಕೂತಳು. ಹುಡುಗಿಯಾಗಿದ್ದಾಗ ತಾನು ಬರೆಯುತ್ತಿದ್ದ ಅಕ್ಷರ ಹೇಗಿತ್ತು? ಮೂರು ಹಾಳೆ ಹಾಳು ಮಾಡಿದಳು. ನೆನಪಾಗಲೊಲ್ಲದು. ಕೈ ತಿರುಗಿದರೆ ಏವರೆಲ್ ಅಕ್ಷರವೇ.

“ಅಯ್ಯೋ, ನನ್ನದನ್ನ ನಾನು ಯಾಕೆ ಬಿಡ್ಲಿ!” ಎಂದು ಗಟ್ಟಿಯಾಗಿಯೇ ಹೇಳಿ ಅದೇ ಅಕ್ಷರದಲ್ಲಿ ಪೂರ್ತಿ ಪುಟ ಬರೆದಳು. ಕೊನೆಗೆ ‘ಡಾರ್ಕಸ್ ವಿಬ್ಲಿ’ ಎಂದು ಸಹಿ ಹಾಕಿ, ಕೆಳಗೆ ಆ ಕುದುರೆ ಬಾಲವನ್ನು ಯಾವತ್ತಿಗಿಂತ ಒಂದಂಗುಲ ಉದ್ದವಾಗಿಯೇ ಎಳೆದಳು.