ನಿಮ್ಮ ಮೇಜಿನ ಮೇಲಿನ ಗಿಡ

ನಾನು ಬರೆದದ್ದರಲ್ಲಿ ಅತಿ ಹೆಚ್ಚು ಜನ ಓದಿದ್ದು ಒಂದು ಪತ್ರವನ್ನು, ಅದೂ ಜನರನ್ನು ಕೆಲಸದಿಂದ ತೆಗೆಯುವ ಪತ್ರವನ್ನು. ಆಗ ನಾನು ಗುರುಗ್ರಾಮದ ಒಂದು ಕಂಪನಿಯ ಎಚ್.ಆರ್. ವಿಭಾಗದಲ್ಲಿದ್ದೆ. ವ್ಯಾಪಾರ ಬಿದ್ದುಹೋಗಿ ನಲವತ್ತು ಜನರನ್ನು ಕಳಿಸಬೇಕೆಂದು ತೀರ್ಮಾನವಾದಾಗ ಮೇಲಿನವರು ನನ್ನನ್ನೇ ಕರೆದು ಒಂದು ಮಾದರಿ ಬರೆದುಕೊಡು ಎಂದರು. ಮನಸ್ಸಿಟ್ಟು ಬರೆದೆ. ಇದು ನಿಮ್ಮ ಸಾಮರ್ಥ್ಯದ ಮೇಲಿನ ತೀರ್ಪಲ್ಲ ಎಂಬರ್ಥದ ಇಂಗ್ಲಿಷ್ ಸಾಲೊಂದನ್ನು ಮೂರು ಸಲ ತಿದ್ದಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಕಂಪನಿ ಒಳ್ಳೆಯ ದಿನಗಳಲ್ಲಿ ಪ್ರತಿಯೊಬ್ಬರ ಮೇಜಿಗೂ ಬಿಳಿ ಕುಂಡದಲ್ಲಿ ಒಂದೊಂದು ಮನಿ ಪ್ಲಾಂಟ್ ಕೊಟ್ಟಿತ್ತು. ಮೊದಲ ದಿನ ಪತ್ರ ಪಡೆದ ಹುಡುಗಿಯೊಬ್ಬಳು ತನ್ನ ಗಿಡ ಎತ್ತಿಕೊಂಡು ಹೊರಟರೆ, ಕುಂಡ ಕಂಪನಿಯದು ಎಂದು ಗೇಟಿನಲ್ಲಿ ಹಿಡಿದರು. ಕೆಲಸ ಹೋದಾಗ ಅಳದವಳು ಕುಂಡಕ್ಕಾಗಿ ಬಿಕ್ಕಿ ಬಿಕ್ಕಿ ಅತ್ತಳು. ನಾನೇ ಹೋಗಿ ಬಿಡಿಸಿ ಕಳಿಸಿದೆ. ಅಂದು ಸಂಜೆ ಪತ್ರದ ಕೊನೆಗೆ ಒಂದು ಸಾಲು ಸೇರಿಸಿದೆ: ನಿಮ್ಮ ಮೇಜಿನ ಮೇಲಿನ ಗಿಡವನ್ನು ನೀವು ಮನೆಗೆ ಕೊಂಡೊಯ್ಯಬಹುದು.

ಎಚ್.ಆರ್. ಮಂದಿ ಹೊಸದಾಗಿ ಏನನ್ನೂ ಬರೆಯುವುದಿಲ್ಲ ಎಂಬುದು ನಮ್ಮ ವೃತ್ತಿಯ ಗುಟ್ಟು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಇಸಿದುಕೊಂಡು, ಹೆಸರು ಬದಲಾಯಿಸಿ ಕಳಿಸುತ್ತೇವೆ. ದೆಹಲಿ ಸುತ್ತಮುತ್ತಲ ಎಚ್.ಆರ್.ನವರದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ಯಾರೋ ಇಂಥ ಪತ್ರ ಕೇಳಿದರು. ಕಂಪನಿಯ ಹೆಸರು ತೆಗೆದು ನನ್ನದನ್ನು ಹಾಕಿದೆ. ಮೆಚ್ಚುಗೆಯ ಹೆಬ್ಬೆಟ್ಟುಗಳು ರಾಶಿ ರಾಶಿಯಾಗಿ ಬಿದ್ದವು, ನಾನು ಆ ವಾರವೆಲ್ಲ ಉಬ್ಬಿಕೊಂಡೇ ತಿರುಗಿದೆ.

ನಲವತ್ತನೆಯ ಪತ್ರ ಕೊಟ್ಟ ಮಾರನೆಯ ದಿನ ನನ್ನ ಬಾಸ್ ಒಂದು ಕಡತ ಕಳಿಸಿ, "ಒಮ್ಮೆ ನೋಡಿಬಿಡಿ" ಎಂದರು. ನೋಡಿದೆ. ನಾನೇ ಬರೆದ ಪತ್ರ, ಹೆಸರು ನನ್ನದು. ಒಂದು ಅಲ್ಪವಿರಾಮ ತಪ್ಪಿತ್ತು, ಅದನ್ನು ಸರಿಮಾಡಿ ವಾಪಸು ಕಳಿಸಿದೆ. ನನ್ನ ಮೇಜಿನ ಗಿಡವನ್ನು ಎದೆಗವಚಿಕೊಂಡು ದೆಹಲಿಯ ವಸಂತ್ ಕುಂಜ್‌ನ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಎಲ್ಲ ಅರ್ಥ ಮಾಡಿಕೊಂಡರು.

"ದೀಪಾವಳಿ ತನಕ ನೋಡು. ಆಮೇಲೆ ಗಂಟುಮೂಟೆ ಕಟ್ಟಿ ಮೈಸೂರಿಗೆ ಹೋಗಿಬಿಡೋಣ. ನಿಮ್ಮಣ್ಣ ಹಿಂದಿನ ರೂಮು ಬಿಟ್ಟುಕೊಡ್ತೀನಿ ಅಂದಿದ್ದಾನೆ," ಎಂದರು.

ಹಿಂದಿನ ರೂಮು ಎಂದರೆ ಅತ್ತಿಗೆಯ ಟ್ರೆಡ್‌ಮಿಲ್ ಇರುವ ರೂಮು. ಅದರ ಮೇಲೆ ಅವರು ಬಟ್ಟೆ ಒಣಗಿಸುತ್ತಾರೆ. ಮೂವತ್ತೆಂಟನೆಯ ವಯಸ್ಸಿನಲ್ಲಿ, ಹದಿನಾಲ್ಕು ವರ್ಷ ನನ್ನ ಕಾಲ ಮೇಲೆ ನಾನು ನಿಂತ ಊರು ಬಿಟ್ಟು, ಇನ್ನೊಬ್ಬರ ಒದ್ದೆ ಸೀರೆಗಳ ಕೆಳಗೆ ಮಲಗುವುದು ನನಗೆ ಬೇಕಿರಲಿಲ್ಲ. ಅಮ್ಮನಿಗೋ ಮೈಸೂರಿನ ಮೊಮ್ಮಕ್ಕಳ ಆಸೆ. ಮರುದಿನದಿಂದಲೇ ಬಾಲ್ಕನಿಯ ಗಿಡಗಳನ್ನು ಅಕ್ಕಪಕ್ಕದವರಿಗೆ ಹಂಚತೊಡಗಿದರು. ಕರಿಬೇವು ಮೂರನೇ ಮಹಡಿಗೆ ಹೋಯಿತು, ದಾಸವಾಳ ಎದುರು ಮನೆಗೆ.

ನಾನು ಕೆಲಸ ಹುಡುಕತೊಡಗಿದೆ. ಎಲ್ಲರೂ ಜನರನ್ನು ಕಳಿಸುತ್ತಿರುವಾಗ, ಜನರನ್ನು ಸೇರಿಸಿಕೊಳ್ಳುವುದೇ ಕೆಲಸವಾದವಳು ಯಾರಿಗೆ ಬೇಕು? ಸಿಕ್ಕ ಒಂದೆರಡು ಇಂಟರ್‌ವ್ಯೂಗಳಲ್ಲಿ ಎದುರು ಕೂತವರೂ ಎಚ್.ಆರ್.ನವರೇ. ನಿಮ್ಮ ದೌರ್ಬಲ್ಯವೇನು ಎಂದು ಅವರು ಕೇಳುತ್ತಾರೆ. ನಾನು ಅತಿ ಶ್ರದ್ಧೆ ಎನ್ನುತ್ತೇನೆ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತು. ಹೌಜ್ ಖಾಸ್‌ನ ಒಂದು ಪುಟ್ಟ ಕಂಪನಿಯಲ್ಲಂತೂ ಮಾತು ಮುಗಿದ ಮೇಲೆ ನಾನೇ ಎದ್ದು ಕೈಚಾಚಿ, "ಬಂದಿದ್ದಕ್ಕೆ ಥ್ಯಾಂಕ್ಸ್, ನಾವು ನಿಮಗೆ ತಿಳಿಸ್ತೀವಿ" ಎಂದುಬಿಟ್ಟೆ. ನನ್ನನ್ನು ಪ್ರಶ್ನಿಸುತ್ತಿದ್ದ ಹುಡುಗಿಯೂ ಪಾಪ, ಥ್ಯಾಂಕ್ಯೂ ಮ್ಯಾಮ್ ಎಂದು ಬ್ಯಾಗೆತ್ತಿಕೊಂಡು ತನ್ನದೇ ಆಫೀಸಿನ ಬಾಗಿಲವರೆಗೆ ಹೋದಳು. ಅಲ್ಲಿಂದ ಯಾರೂ ಏನೂ ತಿಳಿಸಲಿಲ್ಲ.

ದೀಪಾವಳಿಗೆ ಹತ್ತು ದಿನವಿದ್ದಾಗ, ಗುರುಗ್ರಾಮದಾಚೆಯ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಿಂದ ಕರೆ ಬಂತು. ಅಲ್ಲಿನ ಎಚ್.ಆರ್. ಮುಖ್ಯಸ್ಥರು ಕೊಡಗಿನವರು, ಸೈನ್ಯದಿಂದ ನಿವೃತ್ತರಾದವರು. ನನ್ನ ಅರ್ಜಿಯಲ್ಲಿ ಮೈಸೂರು ಎಂದಿದ್ದುದನ್ನು ನೋಡಿ ಕನ್ನಡದಲ್ಲೇ ಶುರುಮಾಡಿದರು. ದೌರ್ಬಲ್ಯ ಗಿರ್ಬಲ್ಯ ಏನೂ ಕೇಳಲಿಲ್ಲ. ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ನೋಡಮ್ಮಾ, ನಾನು ಫೌಜಿನವನು. ಈ ಕಾಗದ ಪತ್ರದ ಭಾಷೆ ನನಗೆ ಬರೋದಿಲ್ಲ. ಯಾರೋ ಕಳಿಸಿಕೊಟ್ಟಿದ್ದಕ್ಕೆ ಹೆಸರು ಹಾಕಿ, ಕೆಲಸದಿಂದ ತೆಗೆದ ಹನ್ನೊಂದು ಜನಕ್ಕೆ ಕೊಟ್ಟೆ. ಇದರಲ್ಲಿ ತಪ್ಪೇನಿದೆ, ಹೇಳಿ."

ಮೊದಲ ಸಾಲು ಓದುತ್ತಲೇ ಅದು ನನ್ನದೇ ಪತ್ರವೆಂದು ಗೊತ್ತಾಯಿತು. ಕೊನೆಯ ಸಾಲಿಗೆ ಬಂದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರ್ಖಾನೆಯ ಪ್ರೆಸ್ ಮಷಿನ್ನುಗಳ ಮುಂದೆ ಇಡೀ ದಿನ ನಿಂತೇ ಇರುವ ಗಂಡಸರಿಗೆ, ನಿಮ್ಮ ಮೇಜಿನ ಮೇಲಿನ ಗಿಡವನ್ನು ಮನೆಗೆ ಕೊಂಡೊಯ್ಯಿರಿ ಎಂದು ಬರೆದಿತ್ತು.

"ಗೊತ್ತಾಯ್ತಲ್ಲ?" ಎಂದರು ಅವರು. "ಮಾರನೇ ದಿನ ಒಬ್ಬ ಬಂದ. ಇಪ್ಪತ್ತು ವರ್ಷ ಸರ್ವೀಸು. ಮಗಳು ಕಾಗದ ಓದಿ ಹೇಳಿದಳಂತೆ. ಸಾಹೇಬ್, ನನಗೆ ಮೇಜು ಕೊಟ್ಟಿರಲಿಲ್ಲ, ಗಿಡ ಎಲ್ಲಿದೆ ಅಂತ ಕೇಳ್ದ."

"ನೀವೇನಂದ್ರಿ ಸರ್?"

"ಏನಂತ ಹೇಳ್ಲಿ? ಕಂಪನಿ ಅವನಿಗೆ ಬರೆದ ಕೊನೇ ಕಾಗದ ಅದು. ಅದೂ ಬೇರೆ ಯಾರದ್ದೋ ನಕಲು ಅನ್ಲಾ? ಆರ್ಡರ್ ಆಗಿದೆ, ನಾಳೆ ಬಾ ಅಂದೆ. ಹೈವೇ ಪಕ್ಕದ ನರ್ಸರಿಗೆ ಹೋಗಿ ಹನ್ನೊಂದು ಕುಂಡ ಜೀಪಲ್ಲಿ ಹಾಕ್ಕೊಂಡು ಬಂದೆ. ಈಗ ಇಲ್ಲಿ ಅದೇ ಪದ್ಧತಿಯಾಗಿಬಿಟ್ಟಿದೆ, ಕಾಗದದ ಜೊತೆ ಒಂದು ಗಿಡ. ಇದನ್ನ ಬರೆದವರು ಯಾರೋ, ಸಿಕ್ಕಿದ್ರೆ ಒಂದು ಮಾತು ಕೇಳ್ಬೇಕು."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಟ್ರೆಡ್‌ಮಿಲ್ ಕಣ್ಣ ಮುಂದೆ ಬಂತು, ಅದರ ಮೇಲಿನ ಸೀರೆಗಳೂ ಬಂದವು. ಆದರೂ ಬಾಯಿ ತಡೆಯಲಿಲ್ಲ. "ನಾನೇ ಸರ್," ಎಂದೆ.

ಅವರು ಮಾತಾಡಲಿಲ್ಲ. ಇಂಟರ್‌ವ್ಯೂನಲ್ಲಿ ಹೀಗೆ ಸುಮ್ಮನೆ ಕೂರುವುದು ನಮ್ಮ ಹಳೆಯ ಉಪಾಯ. ಎದುರಿನವರು ತಡೆಯಲಾರದೆ ಎಲ್ಲವನ್ನೂ ಒದರುತ್ತಾರೆ. ನನಗದು ಗೊತ್ತಿತ್ತು, ಆದ್ದರಿಂದ ನಾನೂ ಸುಮ್ಮನೆ ಕೂತೆ. ನನಗೆ ಗೊತ್ತೆಂದು ಅವರಿಗೂ ಗೊತ್ತಾಯಿತು. ಚಹಾ ಬಂತು, ಇಬ್ಬರೂ ಕುಡಿದು ಮುಗಿಸಿದೆವು. ಕೊನೆಗೆ ಅವರೇ ಸೋತು, "ಆ ಸಾಲು ಯಾಕೆ ಹಾಕಿದ್ರಿ?" ಎಂದು ಕೇಳಿದರು. ಗೇಟಿನಲ್ಲಿ ಅತ್ತ ಹುಡುಗಿಯ ಕಥೆ ಹೇಳಿದೆ.

"ಅಚ್ಛಾ," ಎಂದು ಹಾಳೆ ಮಡಚಿದರು. "ಸೋಮವಾರ ಬನ್ನಿ. ಇನ್ನೂ ಒಂಬತ್ತು ಕಾಗದ ಕೊಡೋದಿದೆ. ಯಾರದ್ದೂ ನಕಲು ಬೇಡ. ಒಬ್ಬೊಬ್ಬರ ಹತ್ರ ಹೋಗಿ, ಮಾತಾಡಿ, ಬೇರೆ ಬೇರೆ ಬರೀರಿ."

ಅಂದರೆ ಒಂಬತ್ತು ಜನರ ಕೆಲಸ ಹೋಗಲಿದ್ದುದರಿಂದ ನನಗೊಂದು ಕೆಲಸ ಸಿಕ್ಕಿತ್ತು. ವಾಪಸು ಬರುವಾಗ ನನಗೆ ನಾಚಿಕೆಯೂ ಆಗುತ್ತಿತ್ತು, ಕುಣಿಯುವಷ್ಟು ಖುಷಿಯೂ ಆಗುತ್ತಿತ್ತು.

ಅಮ್ಮ ಸುದ್ದಿ ಕೇಳಿ ಅರ್ಧ ಗಂಟೆ ಮುಖ ಊದಿಸಿಕೊಂಡಿದ್ದು, ಆಮೇಲೆ ಗಿಡಗಳನ್ನು ವಾಪಸು ಕೇಳಲು ಹೊರಟರು. ದಾಸವಾಳ ಬಂತು. ಮೂರನೇ ಮಹಡಿಯವರು ಕರಿಬೇವು ಕೊಡಲಿಲ್ಲ, ಬೇಕಾದಾಗ ಬಂದು ಸೊಪ್ಪು ಕಿತ್ತುಕೊಳ್ಳಿ ಎಂದರಂತೆ. ಸೋಮವಾರ ಬೆಳಿಗ್ಗೆ ನಾನು ಹೊರಡುವಾಗ, ಹಳೆಯ ಆಫೀಸಿನಿಂದ ತಂದ ಮನಿ ಪ್ಲಾಂಟನ್ನು ಒರೆಸಿ ನನ್ನ ಕೈಗಿಟ್ಟರು. "ಹೊಸ ಮೇಜಿನ ಮೇಲೆ ಇಟ್ಕೋ, ಒಳ್ಳೇದಾಗುತ್ತೆ," ಎಂದರು. ಸಂಭ್ರಮದಲ್ಲಿ ನನಗೂ ಏನೂ ಹೊಳೆಯಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಪಾಳಿ ಬದಲಾಗುತ್ತಿತ್ತು. ಊಟದ ಡಬ್ಬಿ ಹಿಡಿದ ನೂರಾರು ಜನ ಮಾತಾಡುತ್ತ ಬರುತ್ತಿದ್ದರು. ನಾನು ಕುಂಡ ಹಿಡಿದು ಆಟೋದಿಂದ ಇಳಿದೆ. ಹತ್ತಿರವಿದ್ದವರ ಮಾತು ನಿಂತಿತು, ಆಮೇಲೆ ಅವರ ಹಿಂದಿನವರದು. ಎಲ್ಲರೂ ಎರಡೂ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. ಒಬ್ಬರೂ ನನ್ನ ಮುಖ ನೋಡಲಿಲ್ಲ, ಎಲ್ಲರೂ ಗಿಡವನ್ನೇ ನೋಡುತ್ತಿದ್ದರು.

ಗೇಟಿನ ಕಾವಲುಗಾರ ರಿಜಿಸ್ಟರ್ ಮುಂದಿಟ್ಟು, ದನಿ ತಗ್ಗಿಸಿ ಕೇಳಿದ. "ಮೇಡಂ, ಇವತ್ತು ಯಾರಿಗೆ?"

"ನನ್ನದೇ, ಭಯ್ಯಾ," ಎಂದೆ.

ಅವನು ರಿಜಿಸ್ಟರಿನಲ್ಲಿ ನನ್ನ ಹೆಸರನ್ನೂ ಸೇರಿದ ತಾರೀಖನ್ನೂ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಇವತ್ತು ತಾನೇ ಸೇರಿದ್ದೀರಲ್ಲ ಮೇಡಂ," ಎಂದ, ನಾನು ಸಹಿ ಮಾಡಲೆಂದು ಎರಡೂ ಕೈಗಳಿಂದ ಕುಂಡವನ್ನು ಇಸಿದುಕೊಳ್ಳುತ್ತ.