ಬಾಗೂರಿನ ಎಂಜಿನ್ನಿಗೆ ಎರೆದ ಹಾಲು

ನಮ್ಮನೆಯವರು ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಒಂದೇ ರೀತಿ ನಡೆದುಕೊಂಡರು. ಮೊದಲು ಬಾಗಿಲಲ್ಲೇ ಅಳು. ಆಮೇಲೆ ಕಂಬಳಿಯ ಮೇಲೆ ಕೂತು, ನೀರು ಕುಡಿಯುವರು. ಅಷ್ಟರಲ್ಲಿ ಯಾರಾದರೊಬ್ಬರು ಹಿಂದಕ್ಕೆ ಹೋದ ಆ ಗಾಡಿಯ ಮಾತು ತೆಗೆಯುವರು. ಅಲ್ಲಿಗೆ ಅಳು ಮುಗಿಯಿತು. ಸಾವಾದ ಮನೆಯಲ್ಲಿ ನಗಬಾರದೆಂದು ಬಾಯಿಗೆ ಸೆರಗು, ಟವಲು ಅಡ್ಡ ಹಿಡಿದುಕೊಂಡು ನಗುವರು.

ಆದರೆ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಗಾಡಿ ಹಿರಿಯೂರಿನವರೆಗೂ ಹಿಮ್ಮುಖವಾಗಿಯೇ ಹೋಯಿತು ಎಂದು ಒಬ್ಬರು. ಕೆರೆಗೆ ಬಿತ್ತು ಎಂದು ಇನ್ನೊಬ್ಬರು. ಎರಡೂ ಸುಳ್ಳು. ಅದು ಹೋದದ್ದು ನಮ್ಮ ಹುಲ್ಲಿನ ಬಣವೆಯವರೆಗೆ ಮಾತ್ರ. ಇನ್ನಷ್ಟು ಊರೂರು ಸುತ್ತಿ ಅದು ಸಮುದ್ರಕ್ಕೇ ಬೀಳುವ ಮೊದಲು, ನಡೆದದ್ದನ್ನು ನಡೆದಂತೆ ಬರೆದಿಡೋಣ ಎಂದು ಕೂತಿದ್ದೇನೆ.

ನನ್ನ ತವರು ಹೊಸದುರ್ಗದ ಕಡೆಯ ಬಾಗೂರು. ಕೊಟ್ಟದ್ದು ಹಿರಿಯೂರು ತಾಲ್ಲೂಕಿಗೆ, ಜವನಗೊಂಡನಹಳ್ಳಿಯ ಪಕ್ಕದ ಹಳ್ಳಿಗೆ. ಅವರದು ಕುರಿ ಸಾಕುವ ಮನೆತನ. ಇವರೊಬ್ಬರು ಮಾತ್ರ ಕುರಿಯ ಹಿಂದೆ ಹೋಗದೆ ಒಂದು ಹಳೆಯ ಪಿಕಪ್ ಇಟ್ಟುಕೊಂಡು ಕುರಿ, ಕಂಬಳಿ, ಈರುಳ್ಳಿ ತುಂಬಿಕೊಂಡು ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆಯ ಸಂತೆಗಳಿಗೆ ಓಡಾಡುತ್ತಿದ್ದರು. ಎಪ್ಪತ್ತರ ದಶಕದ ನಡುವಿನ ಮಾತಿದು. ಪೆಟ್ರೋಲಿನ ಬೆಲೆ ಏರಿ, ಆ ಗಾಡಿ ಸಂತೆಗೆ ಹೋಗಿ ಬರುವಷ್ಟರಲ್ಲಿ ದುಡಿದದ್ದನ್ನೆಲ್ಲ ಅದೇ ಕುಡಿದುಬಿಡುತ್ತಿತ್ತು. ಡೀಸೆಲ್ ಎಂಜಿನ್ ಸಿಕ್ಕರೆ ಮಾತ್ರ ಬದುಕು ಎಂದು ಅವರು ಹಗಲೂ ಇರುಳೂ ಅದನ್ನೇ ಜಪಿಸುತ್ತಿದ್ದ ಕಾಲ.

ಅದೇ ಕಾಲಕ್ಕೆ ನನ್ನನ್ನು ನೋಡಲು ಬಂದರು. ನಮ್ಮ ಪಕ್ಕದ ಮನೆಯವರು ಗಣಿ ಗುತ್ತಿಗೆ ಮಾಡಿ ಬಿಟ್ಟವರು. ಅವರ ಹಿತ್ತಲ ಕೊಟ್ಟಿಗೆಯಲ್ಲಿ ಒಂದು ಕರಿಯ ವಿದೇಶಿ ಕಾರು, ಡೀಸೆಲ್ಲಿನದು, ವರ್ಷಗಳಿಂದ ನಿಂತಿತ್ತು. ನಾನು ಚಿಕ್ಕವಳಿದ್ದಾಗ ಅದು ಬೆಳಿಗ್ಗೆ ಗಣಿಗೆ ಹೊರಡುವ ಸದ್ದಿಗೇ ನಮ್ಮ ಬೀದಿ ಏಳುತ್ತಿತ್ತು. ಆಮೇಲೆ ಅದರ ಮೈ ತುಕ್ಕು ಹಿಡಿದು ಕೋಳಿಗಳು ಒಳಗೆ ಮೊಟ್ಟೆ ಇಡತೊಡಗಿದ್ದವು. ನಾನು ತಟ್ಟೆಯಲ್ಲಿ ಉಪ್ಪಿಟ್ಟು ಹಿಡಿದು ನಡುಮನೆಗೆ ಬಂದರೆ ವರನೇ ಇಲ್ಲ. ಕಿಟಕಿಯಿಂದ ಕಾರು ಕಂಡಿತಂತೆ, ಕೈ ತೊಳೆದು ಬರುತ್ತೇನೆಂದು ಎದ್ದು ಹೋದವರು ಕೋಳಿ ಎಬ್ಬಿಸಿ ಅದರ ಬಾನೆಟ್ ಎತ್ತಿ ನಿಂತಿದ್ದರು. ವಾಪಸು ಬಂದಾಗ ಬಿಳಿ ಅಂಗಿಯ ತೋಳು ಕರಿ. ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದರು. ಆ ಕಾರು ನಿಲ್ಲುವ ಮೊದಲು ಅದರ ಸದ್ದು ಹೇಗಿತ್ತು ಎಂದು. ನಾನು ಸದ್ದು ಚೆನ್ನಾಗಿತ್ತು ಎಂದೆ. ಹುಡುಗಿ ಒಪ್ಪಿಗೆ ಎಂದು ಅವರು ಅಲ್ಲೇ ಹೇಳಿದರು. ನಮ್ಮಿಬ್ಬರಲ್ಲಿ ಯಾರನ್ನು ಒಪ್ಪಿದರೋ ಎಂದು ನನ್ನ ಅವ್ವನಿಗೆ ಬಹಳ ದಿನ ಅನುಮಾನವಿತ್ತು.

ಮದುವೆಯಾಗಿ ನಾನು ಮೊದಲು ಬಂದೆ. ಕೆಲವು ತಿಂಗಳು ಬಿಟ್ಟು, ಇವರು ಕೊಂಡ ಆ ಕಾರಿನ ಎಂಜಿನ್ ಬಂತು, ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿಕೊಂಡು. ಅದರ ಸಂದಿಗಳಲ್ಲಿ ಇನ್ನೂ ಬಾಗೂರಿನ ಕೋಳಿ ಪುಕ್ಕ ಇದ್ದವು. ಅತ್ತೆ ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡಿದರು. ನಾನು ಸಣಕಲಿ, ಅದು ಭಾರ. ಇಬ್ಬರೂ ಈ ಮನೆಗೆ ಒಗ್ಗುವುದು ಕಷ್ಟ ಎಂಬುದು ಅವರ ತೀರ್ಮಾನ.

ಹಿರಿಯೂರಿನಿಂದ ಒಬ್ಬ ಮೇಸ್ತ್ರಿ ಬಂದು ನಮ್ಮ ಮನೆಯ ಮುಂದಿನ ಹುಣಸೆಮರದ ಕೆಳಗೆ ಕೆಲಸ ಹಿಡಿದ. ಕೊಂಬೆಗೆ ಸರಪಳಿ ಕಟ್ಟಿ ಪಿಕಪ್ಪಿನ ಪೆಟ್ರೋಲ್ ಎಂಜಿನ್ ಎತ್ತಿದರು. ಡೀಸೆಲ್ ಎಂಜಿನ್ ಇಳಿಸಲು ಹೋದರೆ ಅದು ಕೂರಲಿಲ್ಲ. ಉದ್ದ ಹೆಚ್ಚು, ಎತ್ತರವೂ ಹೆಚ್ಚು. ರೇಡಿಯೇಟರನ್ನು ಮುಂದಕ್ಕೆ ತಳ್ಳಿದರು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರಿಸುವ ತಟ್ಟೆಯನ್ನು ಚಿತ್ರದುರ್ಗದ ಲೇತಿನಲ್ಲಿ ಮಾಡಿಸಿ ತಂದರು. ಎಲ್ಲ ಆಗಿ ಬಾನೆಟ್ ಮುಚ್ಚಿದರೆ ಒಂದು ಗೇಣು ಎದ್ದೇ ನಿಂತಿತು. ಇವರು ಅಡುಗೆಮನೆಗೆ ಬಂದು ಗೋಡೆಯ ಮೇಲೆಲ್ಲ ಕಣ್ಣಾಡಿಸಿ, ಅತ್ತೆಯ ದೊಡ್ಡ ಕಬ್ಬಿಣದ ಬಾಣಲೆ ತೆಗೆದುಕೊಂಡು ಹೋದರು. ಬಾನೆಟ್ಟಿಗೆ ತೂತು ಕೊರೆದು ಬಾಣಲೆಯನ್ನು ಬೋರಲು ಕೂರಿಸಿ ಬೆಸುಗೆ ಹಾಕಿಸಿದರು. ಗಾಡಿಯ ಹಣೆಗೆ ಬುಗುಟು ಬಂದಂತಾಯಿತು. ಆ ವರ್ಷ ಪೂರ್ತಿ ಯಾರು ಯಾವ ಕರಿದ ತಿಂಡಿ ಕೇಳಿದರೂ ಅತ್ತೆ ಗಾಡಿಯ ಕಡೆ ಕೈ ತೋರಿಸುತ್ತಿದ್ದರು.

ಇಷ್ಟರಲ್ಲಿ ಶ್ರಾವಣ ಹತ್ತಿರ ಬಂತು. ಅದು ಮದುವೆಯಾದ ಮೇಲೆ ನನ್ನ ಮೊದಲ ನಾಗರ ಪಂಚಮಿ. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯಬೇಕು. ಅಲ್ಲಿ ಆಕೆ ಹುತ್ತಕ್ಕೆ ಹಾಲೆರೆದು, ಒಡಹುಟ್ಟಿದವನ ಬೆನ್ನಿಗೂ ಹಾಲು ಹಚ್ಚಿ ಅವನು ಚೆನ್ನಾಗಿರಲಿ ಎನ್ನಬೇಕು. ನನಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಅಪ್ಪ ಎಂದೋ ಹೋಗಿದ್ದ. ಜೋಕಾಲಿಗೆ ಹಗ್ಗ ಹೊಸೆಸಿದ್ದೇನೆ, ಹೇಗಾದರೂ ಬಾ ಎಂದು ಅವ್ವ ಹೇಳಿ ಕಳಿಸಿದ್ದಳು. ಹೋಗದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ ಎನ್ನುವ ಹಾಗಿತ್ತು. ಆದರೆ ಕರೆಯಲು ಯಾರೂ ಬಾರದೆ ಸೊಸೆ ತಾನಾಗಿ ಹೊರಟರೆ ಎರಡೂ ಮನೆಗೆ ಮರ್ಯಾದೆ ಕಡಿಮೆ ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು.

ಇವರು ಉಪಾಯ ಹೂಡಿದರು. ಗಾಡಿ ಪಂಚಮಿಯ ಹೊತ್ತಿಗೆ ಸಿದ್ಧವಾಗುತ್ತದೆ, ಹೊಸದುರ್ಗಕ್ಕೆ ಕಂಬಳಿಯ ಲೋಡು ಹೇಗೂ ಇದೆ, ಅದರ ಜೊತೆ ಇವಳೂ ಬರಲಿ ಎಂದರು.

ಅತ್ತೆ ಅಕ್ಕಿ ಆರಿಸುತ್ತಲೇ ಹೇಳಿದರು: "ಕಂಬಳಿ ನೀನು ಹೊತ್ಕಂಡು ಹೋಗಪ್ಪ. ಸೊಸೆ ಕಂಬಳಿ ಅಲ್ಲ."

ಎಂಜಿನ್ ಕೂತ ಮೇಲೆ ಮೇಸ್ತ್ರಿ ಇನ್ನೊಂದು ಕೆಲಸ ತೆಗೆದ. ಡೀಸೆಲ್ ಎಂಜಿನ್ ನಿಧಾನಕ್ಕೆ ಸುತ್ತುವಂಥದ್ದು, ಹಿಂದಿನ ಗಾಲಿಗಳ ನಡುವಿನ ಹಲ್ಲಿನ ಚಕ್ರಗಳನ್ನೂ ಬದಲಿಸಬೇಕು ಎಂದು ಅದನ್ನೆಲ್ಲ ಬಿಚ್ಚಿ ಕಂಬಳಿಯ ಮೇಲೆ ಹರಡಿದ. ಯಾವ ಚಕ್ರದ ಯಾವ ಮಗ್ಗುಲು ಎಡಕ್ಕೆ, ಯಾವುದು ಬಲಕ್ಕೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಊರಿಗೆ ಹೋದ. ಮಾರನೆಯ ದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಕಬ್ಬಿಣಕ್ಕೆ ಪೂಜೆ ಮಾಡಬಹುದೇ ಹೊರತು ಸ್ಪ್ಯಾನರ್ ಹಾಕಬಾರದು ಎಂಬುದು ಅತ್ತೆಯ ಕಟ್ಟಳೆ. ಅವತ್ತು ಅವರು ತಲೆಗೆ ಸ್ನಾನ ಮಾಡಿ ಬಂದು ಕಂಬಳಿಯ ಮೇಲಿದ್ದ ಒಂದೊಂದನ್ನೂ ಎತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟರು. ಒಂದು ನಟ್ಟನ್ನೂ ಬಿಡಲಿಲ್ಲ. ಚಕ್ರಗಳಿಗೆ ಎರಡೂ ಕಡೆ ಹಚ್ಚಿದರು. ಸಾಲಾಗಿ ಕೂತ ಆ ಚಕ್ರಗಳು ಮಠದ ಪಂಕ್ತಿಯಲ್ಲಿ ಊಟಕ್ಕೆ ಕಾದ ಸ್ವಾಮಿಗಳಂತೆ ಕಂಡವು.

ಪಾಡ್ಯದ ದಿನ ಮೇಸ್ತ್ರಿ ಬಂದ. ನೋಡಿದ, ತಲೆ ಕೆರೆದುಕೊಂಡ, ನೆನಪಿನ ಮೇಲೆ ಜೋಡಿಸಿದ. ಮುಗಿಯಲು ಎರಡು ದಿನ ಹಿಡಿಯಿತು. ಪಂಚಮಿಗೆ ಇನ್ನು ನಡುವೆ ಒಂದೇ ದಿನ ಇರುವಾಗ ಗಾಡಿಯನ್ನು ಪೂರ್ವಕ್ಕೆ ಮುಖಮಾಡಿ ನಿಲ್ಲಿಸಿದರು. ಮುಂದಿನ ಎರಡೂ ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟರು. ಅತ್ತೆ ತೆಂಗಿನಕಾಯಿ ಹಿಡಿದು ಎದುರಿಗೇ ನಿಂತರು. ಊರಿನ ಅರ್ಧ ಜನ ಅವರ ಹಿಂದೆ.

ಆ ಎಂಜಿನ್ನನ್ನು ಎಬ್ಬಿಸುವ ಕ್ರಮವೇ ಬೇರೆ. ಒಂದು ಗುಂಡಿ ಎಳೆದು ಹಿಡಿದರೆ ಸಣ್ಣ ಕಿಂಡಿಯೊಳಗಿನ ತಂತಿ ಕಾಯುತ್ತದೆ. ಅದು ಕೆಂಪಾದ ಮೇಲೆಯೇ ಅದೇ ಗುಂಡಿಯನ್ನು ಇನ್ನಷ್ಟು ಎಳೆದು ಎಬ್ಬಿಸಬೇಕು. ಬೇರೆಲ್ಲೂ ಜಾಗವಿಲ್ಲದೆ ಆ ಕಿಂಡಿಯನ್ನು ಎಡಗಡೆಯ ಸೀಟಿನ ಮುಂದೆ ಕೂರಿಸಿದ್ದರು. ಓಡಿಸುವವರಿಗೆ ಕಾಣುತ್ತಿರಲಿಲ್ಲ. ಹಾಗಾಗಿ ನನ್ನನ್ನು ಹತ್ತಿಸಿ ಕೂರಿಸಿದರು.

"ಕೆಂಪಾಯ್ತೇನೆ?" ಎಂದರು.

"ಆಯ್ತು" ಎಂದೆ.

ಎಂಜಿನ್ ಎದ್ದಿತು. ಅದೇ ಬಾಗೂರಿನ ಬೆಳಗಿನ ಸದ್ದು. ಅತ್ತೆ ಕಾಯಿ ಒಡೆದು ಪಕ್ಕಕ್ಕೆ ಸರಿದರು. ಇವರು ಮೊದಲ ಗೇರು ಹಾಕಿ, ಎದೆ ಉಬ್ಬಿಸಿ, ಮುಂದೆ ನೋಡುತ್ತ ಕ್ಲಚ್ ಬಿಟ್ಟರು. ಗಾಡಿ ಗಂಭೀರವಾಗಿ ಹಿಂದಕ್ಕೆ ಹೊರಟಿತು. ನಿಂಬೆಹಣ್ಣು ಎರಡೂ ಇದ್ದಲ್ಲೇ ಇದ್ದವು. ಇವರು ಗಾಬರಿಯಲ್ಲಿ ಎರಡನೆಯ ಗೇರಿಗೆ ಹಾಕಿದರು, ಅದು ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಬಣವೆಗೆ ಹೊಕ್ಕು ನಿಂತಾಗ ನಮ್ಮಿಬ್ಬರ ತಲೆಯ ಮೇಲೂ ಹುಲ್ಲು.

ಜನ ನಕ್ಕ ನಗು ಜವನಗೊಂಡನಹಳ್ಳಿಗೆ ಕೇಳಿಸಿರಬೇಕು. ಮೇಸ್ತ್ರಿ ತಾನೇ ಹತ್ತಿ ನೋಡಿದ. ನಾಲ್ಕೂ ಗೇರಿಗೆ ಗಾಡಿ ಹಿಂದಕ್ಕೆ ಹೋಗುತ್ತದೆ, ರಿವರ್ಸ್ ಹಾಕಿದರೆ ಮಾತ್ರ ಮುಂದೆ ಬರುತ್ತದೆ. ಸಿರಾ ಕಡೆ ಮುಖ ಮಾಡಿ ಕೂತರೆ ಹಿರಿಯೂರು ಸೇರಬಹುದು, ಕುತ್ತಿಗೆ ಮಾತ್ರ ಬೇರೆ ತರಬೇಕು ಎಂದು ಒಬ್ಬ ಕುರಿಗಾಹಿ ಲೆಕ್ಕ ಹಾಕಿ ಹೇಳಿದ.

ಅತ್ತೆ ಮಾತ್ರ ನಗಲಿಲ್ಲ. ಗಾಡಿಯ ಬೆನ್ನು ಯಾವ ದಿಕ್ಕಿಗೆ ಎಂದು ನೋಡಿದರು. ಪಡುವಣಕ್ಕೆ.

"ಬಾಗೂರು ಆ ಕಡೆಗೇ ಐತೆ" ಎಂದರು. "ಅದಕ್ಕೆ ತವರು ನೆನಪಾಗೈತೆ."

ನಾನು ತಲೆಯ ಹುಲ್ಲು ತೆಗೆಯುತ್ತ ಅಡುಗೆಮನೆಗೆ ಹೋದೆ. ಅದಕ್ಕಾದರೂ ಹಿಂದಕ್ಕೆ ಹೋಗುವ ಗೇರು ನಾಲ್ಕಿದ್ದವು.

ಮೇಸ್ತ್ರಿ ಹಿಂದಿನದನ್ನೆಲ್ಲ ಮತ್ತೆ ಬಿಚ್ಚಿದ. ದೊಡ್ಡ ಹಲ್ಲಿನ ಚಕ್ರ ಎಡಕ್ಕೆ ಕೂರಬೇಕಾದದ್ದು ಬಲಕ್ಕೆ ಕೂತಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ತಾನು ಹಾಕಿದ್ದ ಸೀಮೆಸುಣ್ಣದ ಗುರುತು ಎಲ್ಲಿ ಎಂದು ಸುತ್ತಲೂ ಕೇಳಿದ. ಚಕ್ರದ ಎರಡೂ ಮಗ್ಗುಲಿನಲ್ಲಿ ಎಣ್ಣೆಯೊಳಗೂ ಮಾಸದೆ ಉಳಿದ ವಿಭೂತಿಯ ಪಟ್ಟೆ ಮಂಕಾಗಿ ಕಾಣುತ್ತಿತ್ತು. ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ ಸೆರಗು ಸರಿಮಾಡಿಕೊಂಡರು.

"ದೇವರ ವಿಭೂತಿ ಮ್ಯಾಲೆ ತಪ್ಪು ಹಾಕ್ತೀಯೇನಪ್ಪ?"

"ವಿಭೂತಿ ಮ್ಯಾಲೆ ಅಲ್ಲವ್ವಾ" ಎಂದ ಮೇಸ್ತ್ರಿ. "ಅದಕ್ಕೆ ಮುಂಚೆ ಬಂದ ಒದ್ದೆ ಬಟ್ಟೆ ಮ್ಯಾಲೆ."

ಅತ್ತೆ ಒಳಗೆ ಹೋದರು. ಆ ಮಧ್ಯಾಹ್ನ ಮೇಸ್ತ್ರಿಯ ಮುದ್ದೆಯ ಮೇಲೆ ಬಿದ್ದಷ್ಟು ತುಪ್ಪ ಆ ಮನೆಯಲ್ಲಿ ಅಳಿಯಂದಿರಿಗೂ ಬಿದ್ದದ್ದು ನಾನು ಕಂಡಿಲ್ಲ. ಅವನೂ ಹೊತ್ತು ನೋಡದೆ ಕೂತು ಕೆಲಸ ಮಾಡಿದ. ಪಂಚಮಿಯ ಹಿಂದಿನ ದಿನ ಸಂಜೆಗೆ ಗಾಡಿ ಮುಂದಕ್ಕೆ ಹೋಯಿತು. ಈ ಸಲ ಕಾಯಿ ಇಲ್ಲ, ಜನವಿಲ್ಲ. ಹಳೆಯ ನಿಂಬೆಹಣ್ಣೇ ಅಪ್ಪಚ್ಚಿಯಾದವು.

ಗಾಡಿ ಸರಿಹೋಯಿತು, ಆದರೆ ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಬೆಳಿಗ್ಗೆ ಇವರು ಕಂಬಳಿ ತುಂಬಿ ಹಗ್ಗ ಬಿಗಿಯುತ್ತಿದ್ದರು. ನಾನು ಒಲೆಯ ಮುಂದೆ ಸುಮ್ಮನೆ ಕೂತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಗಾಡಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅದು ನಿಮ್ಮ ಪಕ್ಕದ ಮನೇದು ಅಲ್ಲೇನೆ?"

ಹೌದೆಂದೆ.

"ನಿನಗಿಂತ ದೊಡ್ಡದಾ?"

ನಾನು ಹುಟ್ಟುವ ಮೊದಲೇ ಬಂದಿತ್ತಂತೆ ಎಂದೆ.

"ಹಂಗಾರೆ ನಿಮ್ಮಣ್ಣ ಆತು. ಒಡಹುಟ್ಟಿದವ ಬಂದು ಬಾಗಿಲಾಗೆ ನಿಂತು ಹೊಗೆ ಬಿಡ್ತಾವ್ನೆ, ನೀನು ಇನ್ನೂ ಒಲೆ ಮುಂದೆ ಕುಂತಿದ್ದೀಯ. ಸೀರೆ ಉಟ್ಕಾ ನಡಿ."

ಅವರು ಅದನ್ನು ನಗದೇ ಹೇಳಿದರು. ಆಮೇಲೆ ಹೊರಗೆ ಹೋಗಿ ಬಾಣಲೆಯ ಬುಗುಟಿಗೆ ಕುಂಕುಮ ಇಟ್ಟರು. ಕರೆಯಲು ಬಂದವರಿಗೆ ಕುಂಕುಮವಿಲ್ಲದೆ ಕಳಿಸುವ ಮನೆ ಅದಲ್ಲ. ವಿಭೂತಿಯನ್ನು ಮಾತ್ರ ಹಚ್ಚಲಿಲ್ಲ.

ಹಿರಿಯೂರು ದಾಟಿ ಮಾರಿಕಣಿವೆಯ ಏರಿನಲ್ಲಿ ಅಣ್ಣ ತಾನು ಕಾರಿನ ವಂಶದವನೆಂದು ನೆನಪಿಸಿಕೊಂಡ. ಕಂಬಳಿಯ ಭಾರ ಅವನಿಗೆ ಹೊಸದು. ಸೈಕಲ್ಲಿನವನೊಬ್ಬ ನಮ್ಮ ಜೊತೆಜೊತೆಗೇ ಮಾತಾಡುತ್ತ ಬಂದು, ಬೇಜಾರಾಗಿ ಮುಂದೆ ಹೋದ. ಆದರೂ ನಿಲ್ಲಲಿಲ್ಲ. ಬಾಗೂರಿನ ಬೀದಿಗೆ ತಿರುಗಿದಾಗ ಜನ ಮನೆಗಳಿಂದ ಹೊರಗೆ ಬಂದರು, ಗಾಡಿ ನೋಡಿ ಅಲ್ಲ, ಸದ್ದು ಕೇಳಿ. ಗುತ್ತಿಗೆದಾರರ ಕಾರು ಎದ್ದು ಬಂತು ಎಂದುಕೊಂಡರಂತೆ. ಅವ್ವ ಹಾಲಿನ ಚೊಂಬು ಹಿಡಿದು ಹುತ್ತಕ್ಕೆ ಹೊರಟವಳು ಅಂಗಳದಲ್ಲೇ ನಿಂತಿದ್ದಳು. ಅತ್ತೆ ಹೇಳಿದ್ದನ್ನು ಹೇಳಿದೆ. ಅವ್ವ ನಕ್ಕು, ಅಳು ಬಂದು, ಚೊಂಬನ್ನು ನನ್ನ ಕೈಗೆ ಕೊಟ್ಟಳು.

ಬಾಣಲೆಯ ಮೇಲೆ ಹಾಲೆರೆದೆ. ಅದು ಕಾದಿತ್ತು. ಹಾಲು ಚುರ್ ಎಂದು ಹೊತ್ತಿ, ಬೀದಿಯೆಲ್ಲ ಸೀದ ವಾಸನೆ.

"ನಿಮ್ಮಣ್ಣಗೆ ಹಾಲು" ಎಂದರು ಇವರು. "ಓಡಿಸ್ಕಂಡು ಬಂದ ನನಗೆ ಏನೂ ಇಲ್ವಾ?"

ಅಲ್ಲಿಂದ ಪ್ರತಿ ಪಂಚಮಿಗೂ ಇದು ನಡೆಯಿತು. ಇವರು ಎಂಜಿನ್ ಎಬ್ಬಿಸುವುದು, ನಾನು ಹಾಲೆರೆಯುವುದು, ಇವರು ಅದೇ ಮಾತು ಹೇಳುವುದು. ಪಿಕಪ್ಪಿನ ಮೈ ಸವೆದು ಗುಜರಿಗೆ ಹೋದಾಗ ಎಂಜಿನ್ನನ್ನು ಇಳಿಸಿಕೊಂಡು ಬಾವಿಯ ಪಂಪಿಗೆ ಜೋಡಿಸಿದರು. ಕೆಂಪಾಗುವ ತಂತಿಯ ಕಿಂಡಿಯನ್ನು ಗೋಡೆಗೆ, ನನ್ನ ಕಣ್ಣಿನ ಎತ್ತರಕ್ಕೆ ಹೊಡೆದರು. ತಮಗೆ ಕಾಣುವ ಹಾಗೆ ಹೊಡೆಯಬಹುದಿತ್ತು. ಅತ್ತೆ ಹೋದರು, ಅವ್ವ ಹೋದಳು, ಅಣ್ಣ ಮಾತ್ರ ನೀರೆತ್ತುತ್ತ ಇದ್ದ.

ಈ ವರ್ಷದ ಪಂಚಮಿ ಮೊನ್ನೆ ಬಂತು. ಸೂತಕದ ವರ್ಷ, ಹಬ್ಬವಿಲ್ಲ. ಆದರೂ ಚೊಂಬು ಹಿಡಿದು ಬಾವಿಯ ಮನೆಗೆ ಹೋದೆ. ಎಂಜಿನ್ನಿನ ತಲೆಗೆ ಹಾಲೆರೆದರೆ ಸದ್ದಿಲ್ಲ, ವಾಸನೆಯಿಲ್ಲ. ತಣ್ಣಗೆ ಇಳಿದು ಸಿಮೆಂಟಿನ ಮೇಲೆ ಹರಿಯಿತು. ಅದನ್ನು ಮೊದಲು ಎಬ್ಬಿಸಿ ಕಾಯಿಸಬೇಕೆಂಬುದೇ ನನಗೆ ಹೊಳೆದಿರಲಿಲ್ಲ. ಅದು ಅವರ ಕೆಲಸವಾಗಿತ್ತು.

ಚೊಂಬು ಕೆಳಗಿಟ್ಟೆ. ಅರ್ಧ ಹಾಲು ಉಳಿದಿತ್ತು. ಗುಂಡಿ ಎಳೆದು ಹಿಡಿದು ಕಿಂಡಿಯೊಳಗೆ ನೋಡುತ್ತ ನಿಂತೆ. ತಂತಿ ಮೊದಲು ಕಪ್ಪಗಿತ್ತು, ಆಮೇಲೆ ಕಂದು, ಆಮೇಲೆ ಕೆಂಪು. ಯಾರೂ ಕೇಳಲಿಲ್ಲ.

"ಆಯ್ತು" ಎಂದೆ.

ಎಂಜಿನ್ ಎದ್ದಿತು.